ಗುಟ್ಟು ಮೊದಲೇ ಗೊತ್ತಾಯಿತು ಅಂದೆಯಲ್ಲ

ಪುಟ್ಟೀ, ‘ದಿ ಕ್ಲಾಕ್‌ವರ್ಕ್ ಗರ್ಲ್’ ಕಾದಂಬರಿಯ ಬಗ್ಗೆ ನೀನು ಕಳಿಸಿದ ಅಭಿಪ್ರಾಯ ಓದಿದೆ. ಐದಕ್ಕೆ ಮೂರು ಅಂಕ. ಮೊದಲ ಭಾಗ ತೆವಳುತ್ತದೆ, ಗುಟ್ಟು ಅರ್ಧಕ್ಕೇ ಗೊತ್ತಾಗಿಹೋಯಿತು ಅಂತ ದೂರು. ಅಂಕ ನಿನ್ನದು, ಅದಕ್ಕೆ ನಾನು ಕೈಹಾಕುವುದಿಲ್ಲ. ನಿಮ್ಮ ಓದುಬಳಗದ ಉಳಿದವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರಂತೆ. ಒಬ್ಬರು ಮಾತ್ರ ಓದಿದ ರಾತ್ರಿ ನಿದ್ದೆ ಬರಲಿಲ್ಲ ಅಂದರಂತೆ, ಉಳಿದವರೆಲ್ಲ ನಕ್ಕಿರಂತೆ. ಯಾವ ಪುಟ ಓದಿ ನಿದ್ದೆ ಕೆಟ್ಟಿತು ಅಂತ ಅವರನ್ನು ಯಾರೂ ಕೇಳಲಿಲ್ಲವೇ? ನಾನಿದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಪತ್ತೇದಾರಿ ಓದಿ ಬೆಳೆದವರಿಗೆ ಈ ಚಟ ಬಿಡುವುದಿಲ್ಲ. ಎನ್. ನರಸಿಂಹಯ್ಯನವರ ಪುಸ್ತಕ ಕೈಗೆ ಸಿಕ್ಕರೆ ಪತ್ತೇದಾರ ಪುರುಷೋತ್ತಮನಿಗಿಂತ ಮೊದಲು ಕಳ್ಳನನ್ನು ಹಿಡಿಯುವುದೇ ನಮ್ಮ ಪಣವಾಗಿತ್ತು. ಹಿಡಿದರೆ ಜಂಬ, ಹಿಡಿಯದಿದ್ದರೆ ಲೇಖಕರ ಮೇಲೆ ಗೌರವ. ಆ ಬಗೆಯ ಕಥೆಗೆ ಆ ಅಳತೆ ಸರಿಯೇ. ಆದರೆ ನೀನು ಓದಿದ್ದು ಗಾಥಿಕ್, ಅಂದರೆ ಹೆದರಿಕೆಯನ್ನೇ ನೆಚ್ಚಿದ ಕಾದಂಬರಿ; ಅದು ಓದುಗನೊಡನೆ ಮಾಡಿಕೊಳ್ಳುವ ಕರಾರೇ ಬೇರೆ. ಈ ಪ್ರಕಾರಕ್ಕೆ ಮೂಲ ಅಂತ ಎಲ್ಲರೂ ಹೇಳುವ ಹೊರೇಸ್ ವಾಲ್‌ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ 1764ರದ್ದು. ಶುರುವಿನಲ್ಲೇ ಮದುವೆಯ ದಿನ ಆಕಾಶದಿಂದ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುಮಗ ಅಪ್ಪಚ್ಚಿಯಾಗುತ್ತಾನೆ. ಅದನ್ನು ಎಸೆದವರು ಯಾರು ಅಂತ ಪತ್ತೆಹಚ್ಚಲು ಯಾರೂ ಆ ಪುಸ್ತಕ ಓದುವುದಿಲ್ಲ. ಆ ಮನೆತನದ ಮೇಲೆ ಯಾವ ಹಳೆಯ ಪಾಪ ಕೂತಿದೆ, ಅದನ್ನು ಯಾರು ತೀರಿಸಬೇಕಾಗುತ್ತದೆ ಅನ್ನುವುದೇ ಅಲ್ಲಿನ ಕುತೂಹಲ.

ಆನಾ ಮಜ್ಜೋಲಾ 2022ರಲ್ಲಿ ತಂದ ಈ ಕಾದಂಬರಿಯನ್ನೂ ಹಾಗೇ ಕೈಗೆತ್ತಿಕೊಳ್ಳಬೇಕು. ಇಸವಿ 1750, ಪ್ಯಾರಿಸ್. ಹಾರುವ ಹಕ್ಕಿ ಹೆಪ್ಪುಗಟ್ಟಿ ನೆಲಕ್ಕೆ ಬೀಳುವಂಥ ಚಳಿ. ವೇಶ್ಯಾಗೃಹದಲ್ಲಿ ಬೆಳೆದ ಮ್ಯಾಡಲೀನ್ ಒಬ್ಬ ಹೆಸರಾಂತ ಗಡಿಯಾರ ತಯಾರಕನ ಮನೆಗೆ ಕೆಲಸದವಳಾಗಿ ಹೋಗುತ್ತಾಳೆ. ಹೋಗುವುದು ಪೊಲೀಸರ ಬೇಹುಗಾರ್ತಿಯಾಗಿ. ಆ ಮನೆಯಲ್ಲಿ ರತ್ನ ಕೂರಿಸಿದ ಹಕ್ಕಿ, ಬೆಳ್ಳಿಯ ಜೇಡ, ಎಲ್ಲವೂ ಕೀಲಿ ಕೊಟ್ಟರೆ ಜೀವ ಬಂದಂತೆ ಆಡುವಂಥವು. ಹೊರಗೆ ಬೀದಿಯಲ್ಲಿ ಮಕ್ಕಳು ಕಾಣೆಯಾಗುತ್ತಿದ್ದಾರೆ. ಇಷ್ಟು ಹೇಳಿದರೆ ಯಾರು ಬೇಕಾದರೂ ಇದಕ್ಕೂ ಅದಕ್ಕೂ ಗಂಟುಹಾಕಿ ಊಹಿಸುತ್ತಾರೆ. ಲೇಖಕಿಗೆ ಅದು ಗೊತ್ತಿಲ್ಲ ಅಂದುಕೊಂಡೆಯಾ? ನೀನು ಊಹಿಸಲಿ ಅಂತಲೇ ಅವರು ದಾರಿ ಬಿಟ್ಟುಕೊಡುತ್ತಾರೆ. ಊಹಿಸಿದ ಮೇಲೂ ಆ ಮನೆಯ ಮುಚ್ಚಿದ ಬಾಗಿಲು ತೆರೆಯಲು ಹೆದರಿಕೆಯಾಗುತ್ತದೆಯೋ ಇಲ್ಲವೋ, ಅದನ್ನು ನೋಡು.

ಇನ್ನೊಂದು ಮಾತು. ಇಂಥ ಐತಿಹಾಸಿಕ ಕಾದಂಬರಿ ಮುಗಿಸಿದ ತಕ್ಷಣ ಅಂಕ ಕೊಡಬೇಡ. ಎರಡು ದಿನ ಬಿಟ್ಟು ಅದರ ಇತಿಹಾಸ ಸ್ವಲ್ಪ ಓದಿಕೊಂಡು ಬಾ. ಮೊದಲೇ ಓದಿದರೆ ಕಥೆಯ ರುಚಿ ಕೆಡುತ್ತದೆ, ಓದಲೇ ಇಲ್ಲ ಅಂದರೆ ಯಾವುದು ಕಟ್ಟಿದ್ದು, ಯಾವುದು ಕಟ್ಟಬೇಕಾಗಿಯೇ ಇರಲಿಲ್ಲ ಅನ್ನುವುದು ತಿಳಿಯುವುದಿಲ್ಲ. ನಿಮ್ಮ ಬಳಗದಲ್ಲಿ ಯಾರೋ ‘ಮಕ್ಕಳು ಕಾಣೆಯಾಗುವುದು ಅತಿಯಾಯಿತು, ನಂಬಲಾಗಲಿಲ್ಲ’ ಅಂದರಂತಲ್ಲ, ಅವರಿಗೆ ಇದನ್ನು ಹೇಳು.

ಅದು ನಡೆದದ್ದು. 1749ರ ನವೆಂಬರಿನಲ್ಲಿ ಭಿಕ್ಷುಕರನ್ನೂ ಅಲೆಮಾರಿಗಳನ್ನೂ ಹಿಡಿದು ಒಳಗೆ ಹಾಕಬೇಕು ಅಂತ ರಾಜ ಹದಿನೈದನೆಯ ಲೂಯಿಯ ಆಜ್ಞೆಯಾಯಿತು. ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಬೆರಿಯೆಯ ಜನ ತಲೆಗಿಷ್ಟು ಅಂತ ಸಂಭಾವನೆ ಪಡೆದು ಹಿಡಿಯಲು ಹೊರಟರು. ತಲೆಗಿಷ್ಟು ಅಂದಮೇಲೆ ಯಾರ ತಲೆಯಾದರೇನು? ಬೀದಿಯಲ್ಲಿ ಆಡುತ್ತಿದ್ದ ಕುಶಲಕರ್ಮಿಗಳ, ಅಂಗಡಿಯವರ ಮಕ್ಕಳೂ ಗಾಡಿ ಸೇರಿದರು. ತಾಯಂದಿರು ಸೆರೆಮನೆಯಿಂದ ಸೆರೆಮನೆಗೆ ಅಲೆದರು. ಊರಲ್ಲಿ ಗುಸುಗುಸು ಹಬ್ಬಿತು: ಅರಮನೆಯಲ್ಲಿ ಯಾರಿಗೋ ಕುಷ್ಠ ಬಂದಿದೆ, ವಾಸಿಯಾಗಲು ಮಕ್ಕಳ ರಕ್ತದಲ್ಲಿ ಸ್ನಾನ ಮಾಡಬೇಕಂತೆ, ಅದಕ್ಕೇ ಹಿಡಿದೊಯ್ಯುತ್ತಿದ್ದಾರೆ. ಮರುವರ್ಷ ಮೇ ತಿಂಗಳಲ್ಲಿ ಜನ ರೊಚ್ಚಿಗೆದ್ದರು. 23ರಂದು ಲಾಬೆ ಎಂಬ ಪೊಲೀಸಿನವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದು ಕೊಂದು, ಹೆಣವನ್ನು ಬೆರಿಯೆಯ ಮನೆ ಬಾಗಿಲಿಗೆ ಎಳೆದೊಯ್ದರು. ಆಗಸ್ಟ್ 3ರಂದು ಗ್ರೆವ್ ಚೌಕದಲ್ಲಿ ಗಲ್ಲಿಗೆ ಹೋದವರು ಗಲಭೆ ಮಾಡಿದ ಮೂವರು. ಮಕ್ಕಳನ್ನು ಹಿಡಿದವರು ಯಾರೂ ಆ ಹಗ್ಗಕ್ಕೆ ಸಿಗಲಿಲ್ಲ. ಇತ್ತ ರಾಜ ಪ್ಯಾರಿಸ್ಸಿನ ಒಳಗೆ ಕಾಲಿಡಲು ಮನಸ್ಸಿಲ್ಲದೆ, ಊರನ್ನು ಬಳಸಿಕೊಂಡು ಹೋಗಲು ಹೊರಗಿನಿಂದ ರಸ್ತೆ ಮಾಡಿಸಿದ. ಆ ರಸ್ತೆಗೆ ದಂಗೆಯ ದಾರಿ ಅಂತಲೇ ಹೆಸರು ಬಿತ್ತು. ಆರ್ಲೆಟ್ ಫಾರ್ಜ್ ಮತ್ತು ಜಾಕ್ ರೆವೆಲ್ ಎಂಬ ಇತಿಹಾಸಕಾರರು ಈ ಒಂದು ಪ್ರಕರಣದ ಮೇಲೇ 1988ರಲ್ಲಿ ಪುಸ್ತಕ ಬರೆದಿದ್ದಾರೆ. ತೆಳ್ಳನೆಯ ಪುಸ್ತಕ, ಇಂಗ್ಲಿಷಿನಲ್ಲೂ ಇದೆ, ತರಿಸಿಕೊಂಡು ಓದು.

ಕಾದಂಬರಿಯ ಕೀಲಿಗೊಂಬೆಗಳೂ ಸುಳ್ಳಲ್ಲ. ಜಾಕ್ ದ ವೋಕಾನ್ಸನ್ ಎಂಬಾತ 1738ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಆಳೆತ್ತರದ ಕೊಳಲುವಾದಕ ಗೊಂಬೆ ತಂದು ತೋರಿಸಿದ. ಅದು ನಿಜವಾಗಿಯೂ ಗಾಳಿ ಊದಿ, ಬೆರಳಾಡಿಸಿ, ಹನ್ನೆರಡು ರಾಗ ನುಡಿಸುತ್ತಿತ್ತು. ಆಮೇಲೆ ಕಾಳು ತಿಂದು ಹಿಕ್ಕೆ ಹಾಕುವ ಬಾತುಕೋಳಿ ಮಾಡಿದ. ಊರೆಲ್ಲ ಮುಗಿಬಿದ್ದು ನೋಡಿತು. ಹಿಕ್ಕೆಯನ್ನು ಮೊದಲೇ ತುಂಬಿಟ್ಟಿರುತ್ತಿದ್ದ ಅನ್ನುವುದು ಎಷ್ಟೋ ವರ್ಷದ ಮೇಲೆ ಬಯಲಾಯಿತು, ಆ ಮಾತು ಬೇರೆ. ಮೈಯೊಳಗೆ ರಕ್ತ ಹರಿದಾಡುವುದನ್ನು ತೋರಿಸುವ ಮನುಷ್ಯಾಕೃತಿಯೊಂದನ್ನು ಮಾಡುವ ಹಂಬಲವೂ ಅವನಿಗಿತ್ತು, ಲೂಯಿಗೂ ಅದರಲ್ಲಿ ಆಸಕ್ತಿಯಿತ್ತು. ಅದು ಪೂರ್ತಿಯಾಗಲೇ ಇಲ್ಲ. ರಾಜ ಅವನನ್ನು ರೇಷ್ಮೆ ಕಾರ್ಖಾನೆಗಳ ಮೇಲ್ವಿಚಾರಕನನ್ನಾಗಿ ಮಾಡಿದ. ಗೊಂಬೆಗೆ ಜನ ಕೈ ತಟ್ಟಿದ ಕಾಲದಲ್ಲೇ, ಅದೇ ಕೈ ರೇಷ್ಮೆ ಉದ್ಯಮವನ್ನು ತಿದ್ದಲು ಹೊರಟಾಗ ಲಿಯಾನಿನ ನೇಕಾರರು ರೇಗಿ ದಂಗೆ ಎದ್ದರು.

ಒಂದು ಕಡೆ ರಕ್ತ ಹರಿಯುವ ಗೊಂಬೆ ಬಯಸುವ ಅರಮನೆ, ಇನ್ನೊಂದು ಕಡೆ ಅರಮನೆಗೆ ಮಕ್ಕಳ ರಕ್ತ ಬೇಕಂತೆ ಅನ್ನುವ ಬೀದಿ. ಇತಿಹಾಸದಲ್ಲಿ ಎರಡೂ ಬೇರೆ ಬೇರೆ ನಿಂತಿದ್ದವು. ಮಜ್ಜೋಲಾ ಎರಡನ್ನೂ ಒಂದು ಮನೆಯ ಸೂರಿನಡಿ ತಂದರು. ಕಾದಂಬರಿಯ ಜಾಣ್ಮೆ ಇರುವುದು ಇಲ್ಲಿ, ಕೊನೆಯ ತಿರುವಿನಲ್ಲಲ್ಲ. ಆಕೆ ಮಾನವ ಹಕ್ಕುಗಳ ವಕೀಲೆಯೂ ಹೌದು. ಕೇಳುವವರಿಲ್ಲದವರ ಮಕ್ಕಳನ್ನು ಆಳುವವರು ಏನೆಂದು ಎಣಿಸುತ್ತಾರೆ ಅನ್ನುವ ಸಿಟ್ಟು ಪುಸ್ತಕದ ಉದ್ದಕ್ಕೂ ಬೂದಿಯೊಳಗಿನ ಕೆಂಡದ ಹಾಗೆ ಇದೆ. ನಿನ್ನ ಅಭಿಪ್ರಾಯದಲ್ಲಿ ಈ ಸಿಟ್ಟಿನ ಸುದ್ದಿಯೇ ಇಲ್ಲ.

ಯಂತ್ರದ ಗೊಂಬೆ ಬರೀ ಆಟಿಕೆಯಲ್ಲ ಅನ್ನುವುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಟಿಪ್ಪುವಿನ ಹುಲಿ ನೆನಪಿದೆಯಲ್ಲ? ಬಿಳಿಯನೊಬ್ಬನ ಮೇಲೆ ಬಿದ್ದ ಮರದ ಹುಲಿ. ಹಿಡಿ ತಿರುಗಿಸಿದರೆ ಆತನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಒಟ್ಟಿಗೆ ಕೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಹೊತ್ತೊಯ್ದರು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅರಮನೆಯಲ್ಲಿ ಅದನ್ನು ತಿರುಗಿಸಿದವರಿಗೆ ಒಂದು ಅರ್ಥ, ಗೆದ್ದು ತಂದು ಲಂಡನ್ನಿನಲ್ಲಿ ಜನಕ್ಕೆ ತೋರಿಸಿದವರಿಗೆ ಇನ್ನೊಂದು. ಗೊಂಬೆ ಅದೇ, ಹಲ್ಲುಗಾಲಿ ಅವೇ.

ಹಾಗಂತ ಪುಸ್ತಕವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಮ್ಯಾಡಲೀನ್, ಗಡಿಯಾರದವನ ಮಗಳು ವೆರೊನಿಕ್, ರಾಜನ ಪ್ರೇಯಸಿ ಪಾಂಪಡೂರ್, ಹೀಗೆ ಮೂವರು ಹೆಂಗಸರ ಕಣ್ಣಿನಿಂದ ಕಥೆ ಸಾಗುತ್ತದೆ. ಪಾಂಪಡೂರ್ ಬಂದಾಗಲೆಲ್ಲ ನನಗೆ ಬಿಗಿ ಸಡಿಲಾದಂತೆ ಅನಿಸಿತು. ಅವಳ ಸಂಕಟವೂ ದೊಡ್ಡದೇ, ಆದರೆ ಅರಮನೆಯ ಸಂಕಟಕ್ಕೆ ಬೀದಿಯ ಚಳಿ ತಟ್ಟುವುದಿಲ್ಲ. ಅಷ್ಟು ಹೊತ್ತು ಕಾಯಿಸಿದ ಲೇಖಕಿ ಕೊನೆಗೆ ಕಥೆಯನ್ನು ಓಡಿಸಿದರು ಅಂತಲೂ ಅನಿಸಿತು. ಇವೆಲ್ಲ ಹೇಳಬಹುದಾದ ದೂರುಗಳೇ, ನೀನೂ ಹೇಳು. ಮೊದಲ ಭಾಗ ತೆವಳುತ್ತದೆ ಅನ್ನುವುದನ್ನು ಮಾತ್ರ ಒಪ್ಪಲಾರೆ. ಕೆಲಸದವಳು ಒಂದು ಮನೆಯನ್ನು ಅರಿಯುವುದೇ ಹಾಗೆ, ಗುಡಿಸುತ್ತಾ, ಬೆಂಕಿ ಹಚ್ಚುತ್ತಾ, ಮುಚ್ಚಿದ ಬಾಗಿಲ ಮುಂದೆ ಹಾದುಹೋಗುತ್ತಾ. ಅವಳ ಜೊತೆ ನೀನೂ ಆ ಮನೆಯಲ್ಲಿ ನೆಲೆಯೂರದಿದ್ದರೆ ಮುಂದೆ ಹೆದರುವುದು ಎಲ್ಲಿಂದ?

ನಾಲ್ಕು ಜನರ ಅಭಿಪ್ರಾಯ ಓದಿಕೊಂಡು ನಿನ್ನದನ್ನು ಬರೆಯಬೇಡ, ಅವರ ಬೇಸರ ನಿನಗೂ ಅಂಟಿಕೊಳ್ಳುತ್ತದೆ. ಬರೆಯುವಾಗ ಗುಟ್ಟು ಬಿಟ್ಟುಕೊಡಬೇಡ. ನೋಡು, ಇಷ್ಟು ಉದ್ದ ಮಾತಾಡಿದರೂ ನಾನು ಬಾಯಿ ಬಿಟ್ಟಿಲ್ಲ. ‘ನನಗೆ ಹಿಡಿಸಲಿಲ್ಲ’ ಅನ್ನಲು ಸಂಕೋಚ ಬೇಡ, ಆದರೆ ಅದನ್ನೇ ‘ಬರವಣಿಗೆ ಸರಿಯಿಲ್ಲ’ ಅಂತ ತಿರುಚಬೇಡ. ಮುಂದಿನ ಸಲ ನಿಮ್ಮ ಬಳಗ ಸೇರಿದಾಗ ಆ ನಿದ್ದೆ ಬಾರದವರ ಪಕ್ಕ ಕೂತುಕೋ. ಅಂಕ ತಿದ್ದಬೇಕು ಅಂತಿಲ್ಲ, ಮೂರೇ ಇರಲಿ. ಕಳೆದ ಎರಡು ಯಾವುದಕ್ಕೆ ಅಂತ ಒಂದು ಸಾಲು ಸೇರಿಸಿ ಮತ್ತೆ ಕಳಿಸು. ಮ್ಯಾಡಲೀನಳ ಲೆಕ್ಕದಲ್ಲಿ ಕಳೆದಿದ್ದರೆ ಮಾತ್ರ ನಾನು ಜಗಳಕ್ಕೆ ಬರುತ್ತೇನೆ.