ತೆಳ್ಳಗಿದ್ದೇನೆ ಎಂಬ ಧೈರ್ಯ ಬೇಡ: ಪುಣೆಯ ಕನ್ನಡಿಗರಿಗೊಂದು ಹೃದಯ ಕೈಪಿಡಿ

ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಗೆಳೆಯ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೊ ಒಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರ ಮತ್ತು ತೂಕ ಸೇರಿಸಿ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ಯಾರನ್ನೂ ದಪ್ಪ ಎನ್ನುವ ಹಾಗಿಲ್ಲ. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಇದರ ಬೇರು ಹುಟ್ಟಿನಲ್ಲೇ ಇದೆ ಎಂಬುದನ್ನು ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಿಂದ ನಡೆದ ಅಧ್ಯಯನ ತೋರಿಸಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5 ಕೆ.ಜಿ. ನಮ್ಮ ಮಕ್ಕಳಲ್ಲಿ ಕಡಿಮೆಯಾಗಿದ್ದದ್ದು ಮುಖ್ಯವಾಗಿ ಮಾಂಸಖಂಡ, ಕೊಬ್ಬು ಅಷ್ಟಾಗಿ ಅಲ್ಲ.

ಈ ಊರಿನ ಕನ್ನಡಿಗರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಹಿಂಜವಡಿಯ ಸಾಫ್ಟ್‌ವೇರ್ ಹುಡುಗ, ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತ ಯಜಮಾನರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದ ಗೌಂಡಿ, ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಾನು ದಪ್ಪ ಇಲ್ಲವಲ್ಲ, ನನಗೇನಾಗುತ್ತೆ?’ ಹೃದಯದ ವಿಷಯದಲ್ಲಿ ಕನ್ನಡಿ ನಂಬಬೇಡಿ, ಅಳತೆ ನಂಬಿ. ಎಲ್ಲಿಂದ ಶುರು ಮಾಡಬೇಕು ಎಂಬುದು ಇಲ್ಲಿದೆ.

ಮೊದಲು ಟೇಪು, ಆಮೇಲೆ ಬಿಪಿ ಯಂತ್ರ

ದರ್ಜಿಯ ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟು ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ತೂಕ ಎಷ್ಟೇ ಇರಲಿ, ಎಚ್ಚರಿಕೆಯ ಗೆರೆ ದಾಟಿದಿರಿ ಎಂದರ್ಥ. ಪ್ಯಾಂಟಿನ ಸೈಜು ಬೇಡ. ಬಹಳ ಜನ ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುತ್ತಾರೆ.

ಬಿಪಿ ನೋಡುವಾಗ ತಪ್ಪುವುದು ಯಂತ್ರಕ್ಕಿಂತ ನಾವೇ ಹೆಚ್ಚು. ಚಹಾ ಕುಡಿದು, ತಂಬಾಕು ಹಾಕಿಕೊಂಡು ಅರ್ಧ ಗಂಟೆಯಾದರೂ ಕಳೆದಿರಬೇಕು. ಮೂತ್ರ ತುಂಬಿಕೊಂಡು ಕೂರಬಾರದು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಬರಿ ತೋಳಿಗೆ ಪಟ್ಟಿ ಕಟ್ಟಿ. ಮಾತು ಬೇಡ, ಫೋನು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಬೆಳಿಗ್ಗೆ ಸಂಜೆ ಹೀಗೆ ಒಂದು ವಾರ ಬರೆದ ಚೀಟಿ ವೈದ್ಯರಿಗೆ ಒಂದೇ ಸಲದ ಅಳತೆಗಿಂತ ಹೆಚ್ಚು ಹೇಳುತ್ತದೆ. ಮನೆಯ ಅಳತೆ ಸರಾಸರಿ 135/85, ಕ್ಲಿನಿಕ್ಕಿನದು 140/90 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರನ್ನು ಕಾಣಲೇಬೇಕು. ತಲೆನೋವಿಲ್ಲ, ತಲೆಸುತ್ತಿಲ್ಲ, ಆದ್ದರಿಂದ ಬಿಪಿ ಇಲ್ಲ ಎಂಬ ತರ್ಕ ನಡೆಯದು. ಹೆಚ್ಚಿನವರಿಗೆ ಅದು ಯಾವ ಸುಳಿವೂ ಕೊಡುವುದಿಲ್ಲ.

ಗುಳಿಗೆ ಶುರುವಾದರೆ ಜೀವನಪೂರ್ತಿ ನುಂಗಬೇಕು ಎಂದು ಹೆದರಿ ತಪ್ಪಿಸುವವರಿದ್ದಾರೆ. ಇನ್ನು ಕೆಲವರು ಬಿಪಿ ಸರಿಹೋಯಿತು ಎಂದು ತಾವೇ ನಿಲ್ಲಿಸುತ್ತಾರೆ. ಸರಿಹೋದದ್ದು ಗುಳಿಗೆಯಿಂದಲೇ. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂಥ ಸಾಮಾನ್ಯ ಔಷಧಗಳು ಜನೌಷಧಿ ಅಂಗಡಿಯಲ್ಲಿ ಬಹಳ ಅಗ್ಗ. ಬದಲಿಸುವುದು, ಇಳಿಸುವುದು ವೈದ್ಯರಿಗೆ ಬಿಟ್ಟ ಕೆಲಸ.

ರಕ್ತ ಪರೀಕ್ಷೆ: ಎಷ್ಟು ಬೇಕೋ ಅಷ್ಟು

‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಲ್ಲಿ ಎಂಬತ್ತು ತೊಂಬತ್ತು ಅಂಕಿಗಳ ಪಟ್ಟಿ ಬರುತ್ತದೆ, ಜೊತೆಗೆ ಕೆಂಪಕ್ಷರದಲ್ಲಿ ನಾಲ್ಕು ಭಯವೂ. ಹೃದಯದ ಮಟ್ಟಿಗೆ ಬೇಕಾದ್ದು ಕೆಲವೇ: ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಕ್ರಿಯಾಟಿನಿನ್, ಒಂದು ಮೂತ್ರ ಪರೀಕ್ಷೆ. ಎಚ್‌ಬಿಎ1ಸಿ 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಅದರ ಹೊಸ್ತಿಲು. ಲಿಪಿಡ್ ಪಟ್ಟಿಯಲ್ಲಿ ಕಣ್ಣಿಡಬೇಕಾದ್ದು ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಮೇಲೆ. ಒಮ್ಮೆ ಹೃದಯಾಘಾತ ಆದವರಿಗೆ ಅದು ಕನಿಷ್ಠ ಪಕ್ಷ 70ಕ್ಕಿಂತ ಕೆಳಗಿರಬೇಕು. ಉಳಿದವರಿಗೆ ಎಷ್ಟು ಎಂಬುದು ವಯಸ್ಸು, ಬಿಪಿ, ಸಕ್ಕರೆ, ತಂಬಾಕು ಸೇರಿಸಿ ನಿರ್ಧಾರವಾಗುತ್ತದೆ. ಅಪ್ಪನಿಗೋ ಅಣ್ಣನಿಗೋ 55ರ ಒಳಗೆ, ಅಮ್ಮನಿಗೋ ಅಕ್ಕನಿಗೋ 65ರ ಒಳಗೆ ಹೃದಯಾಘಾತ ಆಗಿದ್ದರೆ ವೈದ್ಯರಿಗೆ ಹೇಳಲು ಮರೆಯಬೇಡಿ, ಕೇಳದಿದ್ದರೂ ಹೇಳಿ.

ಇಸಿಜಿ ನಾರ್ಮಲ್ ಬಂತೆಂದು ನಿರಾಳವಾಗುವಂತಿಲ್ಲ. ಕಾಗದದ ಮೇಲೆ ಮೂಡುವುದು ಆ ಕ್ಷಣದ ಹೃದಯದ ವಿದ್ಯುತ್ತು. ರಕ್ತನಾಳದೊಳಗೆ ಕೂತ ಕೊಬ್ಬಿನ ಗಂಟು ಅದರಲ್ಲಿ ಕಾಣದೆ ಹೋಗಬಹುದು.

ಅಡುಗೆಮನೆಯ ಲೆಕ್ಕ

ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಹಾಕುವಾಗ ಯಾರೂ ತೂಗುವುದಿಲ್ಲ, ಆದ್ದರಿಂದ ಪ್ಯಾಕೆಟ್ ಮೇಲೆ ಒಡೆದ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಉಪ್ಪು 50 ದಿನ ಬರಬೇಕು. ಬರುತ್ತಿಲ್ಲವೇ? ಉತ್ತರ ಸಿಕ್ಕಿತು. ಇದರಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಫರಸಾಣ, ಬಾಕರವಡಿ ಇನ್ನೂ ಸೇರಿಲ್ಲ. ಎಣ್ಣೆಗೂ ಇದೇ ಉಪಾಯ, ತಲೆಗೆ ತಿಂಗಳಿಗೆ ಅರ್ಧ ಲೀಟರ್ ಒಳಗೆ. ವಡಾಪಾವ್ ಗಾಡಿಯ ಬಾಣಲೆಯಲ್ಲಿ ಬೆಳಗಿನಿಂದ ಕುದಿಯುತ್ತಿರುವ ಎಣ್ಣೆ ಈ ಲೆಕ್ಕಕ್ಕೆ ಸಿಗದು. ಮಿಸಳ್ ತಿನ್ನಬೇಡಿ ಎಂದರೆ ಪುಣೆಯಲ್ಲಿ ಯಾರೂ ಕೇಳುವುದಿಲ್ಲ. ತಿನ್ನಿ; ಮೇಲೆ ತೇಲುವ ‘ತರ್ರಿ’ ಬಿಡಿ, ಫರಸಾಣ ಕಡಿಮೆ ಹಾಕಿಸಿಕೊಳ್ಳಿ, ದಿನವೂ ಬೇಡ.

ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆಕಾಳು, ಹಿಡಿ ಶೇಂಗಾ ನಮ್ಮ ಬುತ್ತಿಯಲ್ಲೇ ಇದ್ದವು. ಬಿಟ್ಟದ್ದು ನಾವು.

ತಂಬಾಕು

ಇಲ್ಲಿ ರಿಯಾಯಿತಿ ಇಲ್ಲ. ಬೀಡಿ, ಸಿಗರೇಟು ಮಾತ್ರವಲ್ಲ, ಸುಣ್ಣ ತಿಕ್ಕಿದ ತಂಬಾಕೂ ಗುಟ್ಕಾವೂ ರಕ್ತನಾಳಕ್ಕೆ ಪೆಟ್ಟು ಕೊಡುತ್ತವೆ. ಮಹಾರಾಷ್ಟ್ರ 2012ರಲ್ಲೇ ಗುಟ್ಕಾ ನಿಷೇಧಿಸಿದೆ. ಮನೆಯ ಹಿರಿಯ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿ ಹಂಚಿನ ಮೇಲೆ ಸುಟ್ಟ ತಂಬಾಕೇ. ‘ನಮ್ಮವ್ವಗ ಚಟ ಇಲ್ಲ’ ಎನ್ನುವ ಮಕ್ಕಳು ಆ ಡಬ್ಬಿ ತೆರೆದು ನೋಡಬೇಕು. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಕರೆ ಮಾಡಿ, ಹಣ ಬೀಳುವುದಿಲ್ಲ. ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಹೃದಯಾಘಾತದ ಹೆಚ್ಚುವರಿ ಅಪಾಯ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ.

ಟೇಕಡಿ ಇರುವ ಊರು

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ, ಪರ್ವತಿಯ 103 ಮೆಟ್ಟಿಲು ಎಲ್ಲವೂ ಊರೊಳಗೇ ಇವೆ. ವಾರವಿಡೀ ಕುರ್ಚಿಗೆ ಅಂಟಿಕೊಂಡು ಭಾನುವಾರ ಸಿಂಹಗಡಕ್ಕೆ ಓಡಿ ಹತ್ತುವ ಶೂರತನ ನಲವತ್ತು ದಾಟಿದವರಿಗೆ ಒಳ್ಳೆಯದಲ್ಲ. ಮೇಲೆ ಕಾದಿರುವ ಕಾಂದಾ ಭಜಿ, ಪಿಠಲ-ಭಾಕರಿ ಇಳಿದ ಕ್ಯಾಲೊರಿಯನ್ನು ಬಡ್ಡಿ ಸಮೇತ ವಾಪಸು ಕೊಡುತ್ತವೆ. ಹತ್ತುವಾಗ ಎದೆ ಬಿಗಿದು ನಿಂತರೆ ಕಡಿಮೆಯಾಗುತ್ತಿದೆಯೇ? ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ, ವೈದ್ಯರಲ್ಲಿಗೆ ಹೋಗಿ.

ಕಾಲನ್ನೂ ನೋಡಿಕೊಳ್ಳಿ. ಹೋಟೆಲಿನ ಮಾಣಿ, ಅಡುಗೆಭಟ್ಟರು ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತಿರುತ್ತಾರೆ. ಮೀನಖಂಡದಲ್ಲಿ ಹಾವಿನಂತೆ ಉಬ್ಬುವ ರಕ್ತನಾಳಗಳೇ ವೆರಿಕೋಸ್ ವೇನ್ಸ್. ನಡುನಡುವೆ ಹಿಮ್ಮಡಿ ಎತ್ತಿ ಇಳಿಸುವುದು, ರಾತ್ರಿ ಕಾಲನ್ನು ದಿಂಬಿನ ಮೇಲಿಡುವುದು, ವೈದ್ಯರು ಹೇಳಿದ ಬಿಗಿ ಕಾಲುಚೀಲ ಉಪಯೋಗಕ್ಕೆ ಬರುತ್ತವೆ. ಬೆಂಗಳೂರು, ಮಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಹೋದ ಮೇಲೆ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೆ ಅಪಾಯ. ಅಂದೇ ತೋರಿಸಿ. ಮಕ್ಕಳಿಗೆ ಗಂಟಲುನೋವು ಬಂದು ಕೆಲವು ವಾರಗಳಲ್ಲಿ ಕೀಲು ಊದಿ ಜ್ವರ ಬಂದರೂ ತಡ ಮಾಡಬೇಡಿ. ಸಂಧಿಜ್ವರ ಹೃದಯದ ಕವಾಟವನ್ನೇ ಕೆಡಿಸುತ್ತದೆ, ಪೆನಿಸಿಲಿನ್‌ನಿಂದ ತಡೆಯಬಹುದು.

ಎದೆನೋವು ಬಂದ ದಿನ

ಇದರ ತಯಾರಿ ಇವತ್ತೇ ಆಗಬೇಕು. ಅನಂತ ಚತುರ್ದಶಿಯ ವಿಸರ್ಜನಾ ಮೆರವಣಿಗೆ ಮರುದಿನದವರೆಗೂ ರಸ್ತೆ ಹಿಡಿಯುವ ಊರಿದು. ಹಿಂಜವಡಿಯ ಸಂಜೆಯ ಟ್ರಾಫಿಕ್‌ಗೆ ಹಬ್ಬವೂ ಬೇಕಿಲ್ಲ. ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ 24 ಗಂಟೆಯೂ ಆಂಜಿಯೊಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬ್ ನಡೆಯುತ್ತದೆ, ರಾತ್ರಿ ಹೃದಯ ತಜ್ಞರು ಬರುತ್ತಾರೆಯೇ, ನಿಮ್ಮ ವಿಮೆ ಅಥವಾ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆ ಅಲ್ಲಿ ಸಲ್ಲುತ್ತದೆಯೇ ಎಂದು ಕೇಳಿ ಬರೆದಿಡಿ. ಕರ್ನಾಟಕದ ಆಯುಷ್ಮಾನ್ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ಸಸೂನ್ ಆಸ್ಪತ್ರೆಯ ದಾರಿಯೂ ಗೊತ್ತಿರಲಿ.

ಎದೆ ನಡುವೆ ಒತ್ತಿದಂತೆ ನೋವು, ಎಡಗೈ, ದವಡೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇವು ಲಕ್ಷಣ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟ ಇರಬಹುದು. ‘ಗ್ಯಾಸ್’ ಎಂದು ಸೋಡಾ ಕುಡಿಸಿ ಬೆಳಗಾಗಲೆಂದು ಕಾಯುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

108ಕ್ಕೆ ಕರೆ ಮಾಡಿ, ಮರಾಠಿಯಲ್ಲಿ ‘ಛಾತೀತ್ ದುಖತಂಯ್’ (ಎದೆ ನೋಯುತ್ತಿದೆ) ಎಂದು ಹೇಳಿ ವಿಳಾಸ ಕೊಡಿ. ರೋಗಿಯನ್ನು ಒರಗಿಸಿ ಕೂರಿಸಿ, ನಡೆಸಬೇಡಿ, ಸ್ಕೂಟರ್ ಹಿಂದೆ ಕೂರಿಸಬೇಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಅಥವಾ 325 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು, ಫೋನಿನಲ್ಲಿ ವೈದ್ಯರನ್ನು ಕೇಳಿಕೊಂಡರೆ ಒಳಿತು. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಆಗದಿದ್ದರೆ ಕೇಳಿ. ವ್ಯಕ್ತಿ ಕುಸಿದು, ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಲೇ ಇರಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಲಕ್ವಾದ ಗುರುತು. ಇದಕ್ಕೆ ಆಸ್ಪಿರಿನ್ ಕೊಡಬೇಡಿ; ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಸಿಟಿ ಸ್ಕ್ಯಾನ್ ಆಗದೆ ತಿಳಿಯದು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಲಕ್ಷಣ ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ.

ಪುಣೆಯಲ್ಲಿ ಕನ್ನಡದ ಸಂಘ, ಸಮಾಜ, ಮಹಿಳಾ ಮಂಡಳಿಗಳಿಗೆ ಕೊರತೆಯಿಲ್ಲ. ಮುಂದಿನ ರಾಜ್ಯೋತ್ಸವದಲ್ಲಿ ಊಟದ ಪಂಕ್ತಿಗೆ ಮುಂಚೆ ಒಂದು ಮೇಜು, ಎರಡು ಬಿಪಿ ಯಂತ್ರ, ಒಂದು ಟೇಪು ಇಡಿ. ಕನ್ನಡ ಬಲ್ಲ ನರ್ಸೊಬ್ಬರನ್ನು ಕರೆಯಿರಿ. ಕಟ್ಟಡ ಕೆಲಸದವರ ಶೆಡ್ಡಿಗೂ ಹೋಟೆಲ್ ಹುಡುಗರ ಕೋಣೆಗೂ ಅದೇ ಮೇಜನ್ನು ಒಯ್ಯಿರಿ. ಅವರು ಸಭಾಂಗಣಕ್ಕೆ ಬರುವವರಲ್ಲ.