ಉಳಿದ ಕ್ರೆಡಿಟ್ಟುಗಳ ಲೆಕ್ಕ

ಅಮೆರಿಕದ ಯೂನಿವರ್ಸಿಟಿಯೊಂದರಲ್ಲಿ ಮನೆಯಿಂದಲೇ ಓದಿ ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್ ಪದವಿ ಮಾಡಬೇಕು ಅಂತ ಹೊರಟವರ ಕಣ್ಣಿಗೆ ಮೊದಲು ಬೀಳುವ ಅಂಕಿ 120. ಸೆಮಿಸ್ಟರ್ ಪದ್ಧತಿಯ ಬಹುಪಾಲು ಯೂನಿವರ್ಸಿಟಿಗಳು ಬ್ಯಾಚುಲರ್ ಪದವಿಗೆ ಕೇಳುವುದು ಇಷ್ಟು ಕ್ರೆಡಿಟ್. ಅದರ ಪಕ್ಕದಲ್ಲೇ, ಒಂದು ಕ್ರೆಡಿಟ್ಟಿಗೆ ಇಷ್ಟು ಡಾಲರ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಎರಡನ್ನೂ ಗುಣಿಸಿ, ಬಂದ ಮೊತ್ತ ನೋಡಿ, ಅಲ್ಲಿಗೇ ಆಸೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನೋಡಿದ್ದೇನೆ. ಹೆಚ್ಚಿನವರು ಊರಲ್ಲಿ ಬಿ.ಕಾಂ. ಅಥವಾ ಬಿಬಿಎಂ ಮುಗಿಸಿ, ಗಂಡನ ಎಚ್-1ಬಿ ವೀಸಾದ ಹಿಂದೆ ಎಚ್-4 ವೀಸಾದಲ್ಲಿ ಬಂದವರು. ನಾನೂ ಹಾಗೆ ಬಂದವಳೇ, ದಾವಣಗೆರೆಯಿಂದ.

ಅವರಿಗೆಲ್ಲ ನಾನು ಹೇಳುತ್ತಾ ಬಂದಿರುವುದು ಇಷ್ಟೇ: 120ನ್ನು ಗುಣಿಸಬೇಡಿ. ನೀವು ಆಗಲೇ ಓದಿರುವುದನ್ನು ಕಳೆದ ಮೇಲೆ ಎಷ್ಟು ಉಳಿಯುತ್ತದೆ, ಉಳಿದದ್ದರಲ್ಲಿ ಯಾವುದನ್ನು ಎಲ್ಲಿ ಓದಬಹುದು ಅಂತ ಮೊದಲು ನೋಡಿ. ಪದವಿಯ ನಿಜವಾದ ಬೆಲೆ ಅಲ್ಲಿದೆ. ನನ್ನ ಪದವಿಯ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತೇನೆ.

ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಅದಕ್ಕಾಗಿ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗಿಯೂ ಇಲ್ಲ. ಆದರೆ ಕೇಂದ್ರ ಸರ್ಕಾರದ ಅನುದಾನವಾಗಲಿ ಸಾಲವಾಗಲಿ ನಮಗೆ ಸಿಗುವುದಿಲ್ಲ. ಅಂದರೆ ಪ್ರತಿ ಕ್ರೆಡಿಟ್ಟಿನ ದುಡ್ಡೂ ಒಬ್ಬರ ಸಂಬಳದಲ್ಲಿ ನಡೆಯುವ ಮನೆಯ ಉಳಿತಾಯದಿಂದಲೇ ಹೋಗಬೇಕು. ಬಾಡಿಗೆಯೇ ಅರ್ಧ ಸಂಬಳ ನುಂಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಮೊದಲ ಹೆಜ್ಜೆ, ಊರಿನ ಪದವಿಯನ್ನು ಇಲ್ಲಿಯ ಅಳತೆಗೆ ತರುವುದು. ನಾನು ಓದುವಾಗ ದಾವಣಗೆರೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು. ದಾವಣಗೆರೆ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ನನ್ನ ತಮ್ಮ ಶಂಕರಘಟ್ಟಕ್ಕೆ ಹೋಗಿ ಟ್ರಾನ್ಸ್‌ಕ್ರಿಪ್ಟ್ ಮಾಡಿಸಿ ಕಳಿಸಿದ. ಇಲ್ಲಿಯ ಮೌಲ್ಯಮಾಪನ ಸಂಸ್ಥೆ ಅದನ್ನು ವಿಷಯವಾರು ಪರಿಶೀಲಿಸಿ ವರದಿ ಕೊಟ್ಟಿತು. ವರದಿಗಳಲ್ಲಿ ಎರಡು ಬಗೆ. ಪದವಿಯ ಸಮಾನತೆಯನ್ನು ಮಾತ್ರ ಹೇಳುವ ವರದಿ ಅಗ್ಗ, ಅದು ಕೆಲಸಕ್ಕೆ ಸಾಕು. ಪ್ರತಿ ವಿಷಯಕ್ಕೂ ಕ್ರೆಡಿಟ್ ಮತ್ತು ಗ್ರೇಡ್ ಬರೆದ ವರದಿ ದುಬಾರಿ, ಮತ್ತೆ ಓದಲು ಬೇಕಾದದ್ದು ಅದೇ.

ವರದಿಯಲ್ಲಿ ನನ್ನ ಮೂರು ವರ್ಷದ ಬಿ.ಕಾಂ.ಗೆ 90 ಕ್ರೆಡಿಟ್ ಬಂದಿತ್ತು. ಇನ್ನು 30 ಓದಿದರೆ ಪದವಿ ಕೈಗೆ ಬರುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಹಾಗೆ ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅನ್ನುವುದೇ ಇಲ್ಲಿ ತಿಳಿಯಬೇಕಾದ ಸಂಗತಿ. ನಾನು ಆರಿಸಿಕೊಂಡದ್ದು ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯೊಂದರ ಆನ್‌ಲೈನ್ ವಿಭಾಗ, ಕ್ರೆಡಿಟ್ಟಿಗೆ 350 ಡಾಲರ್. ಅವರು 90ರಲ್ಲಿ 72ನ್ನು ಒಪ್ಪಿಕೊಂಡರು. ಒಪ್ಪಿದ 72ರಲ್ಲಿ ಪದವಿಗೆ ಲೆಕ್ಕಕ್ಕೆ ಬಂದದ್ದು 45 ಮಾತ್ರ. ಮಿಕ್ಕವು ದಾಖಲೆಯಲ್ಲಿ ಇದ್ದವು, ಆದರೆ ಅವು ಕೂರಲು ಪದವಿಯಲ್ಲಿ ಜಾಗವಿರಲಿಲ್ಲ. ಎಲೆಕ್ಟಿವ್ ಎಂಬ ಖಾನೆ ತುಂಬಿದ ಮೇಲೆ ಬಂದ ಕ್ರೆಡಿಟ್ಟುಗಳು ಎಷ್ಟಿದ್ದರೂ ಅಷ್ಟೇ.

ಯಾವುದು ಎಲ್ಲಿ ಕೂತಿತು ನೋಡಿ. ಫೈನಾನ್ಷಿಯಲ್ ಅಕೌಂಟಿಂಗ್ ಮತ್ತು ಎಕನಾಮಿಕ್ಸ್ ನೇರವಾಗಿ ತಮ್ಮ ಜಾಗಕ್ಕೆ ಹೋದವು. ಭಾರತದ ಆದಾಯ ತೆರಿಗೆ ಮತ್ತು ವ್ಯಾಪಾರ ಕಾನೂನು ಎಲೆಕ್ಟಿವ್ ಖಾನೆಗೆ ಬಿದ್ದವು. ಇಲ್ಲಿಯ ಕಾನೂನು ಬೇರೆ, ಅದು ನ್ಯಾಯವೇ. ಕಾಲೇಜಿನಲ್ಲಿ ಬರಿ ಪಾಸಾದರೆ ಸಾಕು ಅಂತ ಗೆಳತಿಯರು ಅಂದುಕೊಳ್ಳುತ್ತಿದ್ದ ಕನ್ನಡ ಭಾಷಾ ಪತ್ರಿಕೆಗಳು ಮಾನವಿಕ ವಿಷಯಗಳ ಖಾನೆಯನ್ನು ಪೂರ್ತಿ ತುಂಬಿಸಿದವು. ಅದನ್ನು ಪರದೆಯ ಮೇಲೆ ಕಂಡಾಗ ನನಗಾದ ಸಂತೋಷ ದುಡ್ಡಿಗೆ ಮಾತ್ರ ಸಂಬಂಧಿಸಿದ್ದಾಗಿರಲಿಲ್ಲ. ಕನ್ನಡ ಓದಿದ ವರ್ಷಗಳಿಗೆ ಇಷ್ಟು ದೂರದ ಊರಿನ ಕಚೇರಿಯೊಂದು ಬೆಲೆ ಕಟ್ಟಿತ್ತು.

ಎರಡು ವಿಷಯಗಳು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ: ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಮತ್ತು ಕಾಸ್ಟ್ ಅಕೌಂಟಿಂಗ್. ಎರಡನ್ನೂ ಎಲೆಕ್ಟಿವ್‌ಗೆ ತಳ್ಳಿ, ಅವೇ ವಿಷಯಗಳನ್ನು ಮತ್ತೆ ಓದಬೇಕು ಅಂದಿದ್ದರು. ಇಂಥ ತೀರ್ಮಾನದ ಮೇಲೆ ಮರುಪರಿಶೀಲನೆಗೆ ಅರ್ಜಿ ಹಾಕಲು ಬಹುತೇಕ ಎಲ್ಲ ಕಡೆ ಅವಕಾಶ ಇರುತ್ತದೆ. ಅರ್ಜಿಗೆ ಬೇಕಾದದ್ದು ಸಿಲೆಬಸ್. ವಿಷಯದ ಹೆಸರಷ್ಟೇ ಸಾಲದು. ಯಾವ ಯೂನಿಟ್‌ನಲ್ಲಿ ಏನಿತ್ತು, ಎಷ್ಟು ಗಂಟೆಯ ಪಾಠ, ಯಾವ ಪಠ್ಯಪುಸ್ತಕ ಅನ್ನುವುದು ಬೇಕು. ಕೋರಿಲೇಷನ್ ಮತ್ತು ರಿಗ್ರೆಷನ್ ಇದ್ದ ಯೂನಿಟ್‌ಗೆ ಗುರುತು ಹಾಕಿ, ಯೂನಿವರ್ಸಿಟಿಯ ವಿಷಯ ವಿವರಣೆಯನ್ನು ಅದರ ಎದುರಿಗೇ ಬರೆದು ಕಳಿಸಿದೆ. ಮಾರ್ಜಿನಲ್ ಕಾಸ್ಟಿಂಗ್, ಬಜೆಟರಿ ಕಂಟ್ರೋಲ್ ಇದ್ದ ಪುಟಕ್ಕೂ ಹಾಗೇ ಮಾಡಿದೆ. ಎರಡೂ ಒಪ್ಪಿಗೆಯಾದವು. ಆರು ಕ್ರೆಡಿಟ್, ಅಂದರೆ 2,100 ಡಾಲರ್, ಜೊತೆಗೆ ಒಂದು ಸೆಮಿಸ್ಟರಿನ ಸಂಜೆಗಳು. ನನ್ನ 45 ಈಗ 51 ಆಯಿತು. ಉಳಿದದ್ದು 69.

ಆ 69ನ್ನೂ ಅಲ್ಲೇ ಓದಿದ್ದರೆ 24,150 ಡಾಲರ್ ಆಗುತ್ತಿತ್ತು. ಹಾಗೆ ಓದಬೇಕಾದ ಅಗತ್ಯ ಇರಲಿಲ್ಲ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಫೀಸು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಎಚ್-4ರಲ್ಲಿರುವವರೂ ಇಲ್ಲಿ ಒಂದು ವರ್ಷಕ್ಕೂ ಮೀರಿ ನೆಲೆಸಿರುವುದನ್ನು ದಾಖಲೆಗಳಿಂದ ತೋರಿಸಿದರೆ ನಿವಾಸಿ ಅನ್ನಿಸಿಕೊಳ್ಳಬಹುದು. ಅದಕ್ಕೆ ಮೊದಲು ಸೇರಿದರೆ ಹಲವು ಪಟ್ಟು ಕಟ್ಟಬೇಕು. ನಾನು ಸೇರಿದ್ದು ಕುಪರ್ಟಿನೋದ ಡಿ ಆಂಜಾ ಕಾಲೇಜಿಗೆ, ಅಲ್ಲೂ ಬಹುಪಾಲು ಆನ್‌ಲೈನ್ ತರಗತಿಗಳೇ. ಇಂಗ್ಲಿಷ್ ಕಾಂಪೊಸಿಷನ್, ಅಮೆರಿಕದ ಇತಿಹಾಸ, ವ್ಯಾಪಾರ ಕಾನೂನು, ವಿಜ್ಞಾನದ ಒಂದು ವಿಷಯ, ಹೀಗೆ ಕೆಳ ಹಂತದವುಗಳನ್ನೆಲ್ಲ ಅಲ್ಲಿ ಮುಗಿಸಿದೆ.

ಇಲ್ಲೊಂದು ಕಡೆ ಜಾಗ್ರತೆ ಬೇಕು. ಡಿ ಆಂಜಾ ನಡೆಯುವುದು ಕ್ವಾರ್ಟರ್ ಪದ್ಧತಿಯಲ್ಲಿ. ಅಲ್ಲಿ ಯೂನಿಟ್‌ಗೆ 31 ಡಾಲರ್ ಅಂದಾಗ 46ಕ್ಕಿಂತ ಅಗ್ಗವಾಯಿತಲ್ಲ ಅನಿಸುತ್ತದೆ. ಆದರೆ ಕ್ವಾರ್ಟರ್ ಯೂನಿಟ್ ಅಂದರೆ ಸೆಮಿಸ್ಟರ್ ಯೂನಿಟ್‌ನ ಮೂರರಲ್ಲಿ ಎರಡು ಪಾಲು. ಐದು ಯೂನಿಟ್‌ನ ವಿಷಯಕ್ಕೆ 155 ಡಾಲರ್ ಕಟ್ಟಿದರೆ ಅದು ಸೆಮಿಸ್ಟರ್ ಲೆಕ್ಕದಲ್ಲಿ 3.33 ಆಗುತ್ತದೆ, ಮೂರು ಕ್ರೆಡಿಟ್ಟಿನ ಜಾಗ ತುಂಬಿಸುತ್ತದೆ. ನಾಲ್ಕು ಯೂನಿಟ್‌ನದು 2.67ಕ್ಕೆ ನಿಲ್ಲುತ್ತದೆ. ವಿಷಯ ಮುಗಿದಿದೆ ಅಂತ ಯೂನಿವರ್ಸಿಟಿ ಒಪ್ಪಿದರೂ ಒಟ್ಟು ಮೊತ್ತದಲ್ಲಿ 0.33 ಕಡಿಮೆ ಬೀಳುತ್ತದೆ. ಇಂಥವು ಮೂರು ಸೇರಿದರೆ ಕೊನೆಯಲ್ಲಿ 119ಕ್ಕೆ ಬಂದು ನಿಂತು, ಒಂದು ಕ್ರೆಡಿಟ್ಟಿಗಾಗಿ ಮೂರು ಕ್ರೆಡಿಟ್ಟಿನ ಇನ್ನೊಂದು ವಿಷಯಕ್ಕೆ ದುಡ್ಡು ಕಟ್ಟಬೇಕಾಗಬಹುದು. ಪ್ರತಿ ವಿಷಯವನ್ನೂ ಮೂರನೆಯ ಎರಡರಿಂದ ಗುಣಿಸಿ ಬರೆದಿಟ್ಟುಕೊಂಡೇ ಹೆಸರು ಹಚ್ಚಬೇಕು.

ಇನ್ನೊಂದು ದಾರಿ ಕ್ಲೆಪ್ ಪರೀಕ್ಷೆ. ಕಾಲೇಜ್ ಬೋರ್ಡ್ ನಡೆಸುವ ಈ ಪರೀಕ್ಷೆಗಳಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಅನ್ನುವುದೇ ಒಂದು ವಿಷಯ. ತೊಂಬತ್ತು ನಿಮಿಷ, 20ರಿಂದ 80ರವರೆಗಿನ ಅಳತೆಯಲ್ಲಿ 50 ಬಂದರೆ ಸಾಮಾನ್ಯವಾಗಿ ಮೂರು ಕ್ರೆಡಿಟ್. ಫೀಸು ನೂರು ಡಾಲರಿನ ಆಸುಪಾಸು. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆ ಉಚಿತವಾಗಿ ಪಾಠ ಕೊಟ್ಟು, ಮುಗಿಸಿದವರಿಗೆ ಆ ಫೀಸಿನ ವೋಚರನ್ನೂ ಕೊಡುತ್ತದೆ. ಊರಲ್ಲಿ ಟ್ಯಾಲಿ ಮೇಲೆ ಕೆಲಸ ಮಾಡಿ, ಡೇಟಾಬೇಸ್ ಅಂದರೇನು ಅಂತ ಗೊತ್ತಿದ್ದವರಿಗೆ ಇದು ಕಷ್ಟದ ಪರೀಕ್ಷೆಯಲ್ಲ. ನಿಮ್ಮ ಯೂನಿವರ್ಸಿಟಿ ಆ ಮೂರು ಕ್ರೆಡಿಟ್ಟನ್ನು ಪದವಿಯ ಪ್ರಾರಂಭಿಕ ವಿಷಯಕ್ಕೆ ಹಚ್ಚುತ್ತದೋ ಅಥವಾ ಎಲೆಕ್ಟಿವ್‌ಗೆ ಹಾಕುತ್ತದೋ ಎಂಬುದನ್ನು ಅಡ್ವೈಸರ್ ಕೈಯಲ್ಲಿ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ. ಕಮ್ಯುನಿಟಿ ಕಾಲೇಜಿನ ವಿಷಯಗಳಿಗೂ ಇದೇ ಮಾತು. ರಾಜ್ಯದೊಳಗಿನ ಸರ್ಕಾರಿ ಯೂನಿವರ್ಸಿಟಿಗಳಿಗಾದರೆ ಅಸಿಸ್ಟ್ ಎಂಬ ಜಾಲತಾಣದಲ್ಲಿ ಯಾವ ವಿಷಯ ಯಾವುದಕ್ಕೆ ಸಮ ಅಂತ ಸಿಗುತ್ತದೆ. ಬೇರೆ ರಾಜ್ಯಗಳವು ಹಲವು ಟ್ರಾನ್ಸ್‌ಫರಾಲಜಿಯಲ್ಲಿ ಇವೆ.

ಡಿ ಆಂಜಾದಿಂದ 21, ಕ್ಲೆಪ್‌ನಿಂದ 3. ಈ 24 ಕ್ರೆಡಿಟ್ಟಿಗೆ ನನಗೆ ಆದದ್ದು ಸುಮಾರು 1,100 ಡಾಲರ್, ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕ ಬಿಟ್ಟು. ಯೂನಿವರ್ಸಿಟಿಯಲ್ಲೇ ಆಗಿದ್ದರೆ 8,400.

ಹಾಗಾದರೆ ಎಲ್ಲವನ್ನೂ ಅಗ್ಗದಲ್ಲೇ ಮುಗಿಸಬಾರದೇ ಅಂತ ಕೇಳುತ್ತಾರೆ. ಅದಕ್ಕೆ ಎರಡು ಗೋಡೆಗಳಿವೆ. ಒಂದು ರೆಸಿಡೆನ್ಸಿ: ಪದವಿ ಕೊಡುವ ಯೂನಿವರ್ಸಿಟಿಯಲ್ಲೇ ಇಂತಿಷ್ಟು ಕ್ರೆಡಿಟ್, ಹೆಚ್ಚಿನ ಕಡೆ 30, ಓದಲೇಬೇಕು. ಆನ್‌ಲೈನ್‌ನಲ್ಲಿ ಓದಿದರೂ ಅದು ರೆಸಿಡೆನ್ಸಿಯೇ, ಅಲ್ಲಿ ಹೋಗಿ ಇರಬೇಕು ಅಂತಲ್ಲ. ಇನ್ನೊಂದು ಅಪ್ಪರ್ ಡಿವಿಷನ್: ಮೂರನೇ ಮತ್ತು ನಾಲ್ಕನೇ ವರ್ಷದ ಮಟ್ಟದ ವಿಷಯಗಳು ಇಷ್ಟಿರಬೇಕು ಎಂಬ ನಿಯಮ. ಸಾಮಾನ್ಯ ಕಮ್ಯುನಿಟಿ ಕಾಲೇಜಿನ ವಿಷಯಗಳಿಗೆ ಆ ಮಟ್ಟ ಸಿಗುವುದಿಲ್ಲ. ನಮ್ಮ ಬಿ.ಕಾಂ.ನ ಕೊನೆಯ ವರ್ಷದ ವಿಷಯಗಳನ್ನೂ ಎಷ್ಟೋ ಸಲ ಕೆಳ ಹಂತಕ್ಕೇ ಸೇರಿಸುತ್ತಾರೆ. ಡೇಟಾಬೇಸ್ ಮ್ಯಾನೇಜ್‌ಮೆಂಟ್, ಸಿಸ್ಟಮ್ಸ್ ಅನಾಲಿಸಿಸ್ ಅಂಡ್ ಡಿಸೈನ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಕೊನೆಯ ಕ್ಯಾಪ್‌ಸ್ಟೋನ್ ಪ್ರಾಜೆಕ್ಟ್, ಇವೆಲ್ಲ ಆ ಮೇಲಿನ ಹಂತದವು. ಪದವಿಯ ಸಾರ ಇರುವುದೂ ಇವುಗಳಲ್ಲೇ. ನನ್ನ 45 ಕ್ರೆಡಿಟ್ ಇಲ್ಲಿ ಹೋಯಿತು, 15,750 ಡಾಲರ್ ಹೋಯಿತು, ಅದರಲ್ಲಿ ಒಂದು ಡಾಲರಿನ ಬಗ್ಗೆಯೂ ನನಗೆ ಬೇಸರವಿಲ್ಲ. ಯಾರದೋ ಅಂಗಡಿಯ ಸರಕು ಲೆಕ್ಕವನ್ನು ಕೋಷ್ಟಕಗಳಾಗಿ ಒಡೆದು, ಒಂದೇ ವಿವರ ಎರಡು ಕಡೆ ಇರದಂತೆ ಜೋಡಿಸುವುದನ್ನು ಕಲಿತಾಗ, ಅಕೌಂಟ್ಸ್ ಪುಸ್ತಕದಲ್ಲಿ ವರ್ಷಗಟ್ಟಲೆ ಮಾಡಿದ್ದು ಯಾಕೆ ಹಾಗಿತ್ತು ಅಂತ ಮೊದಲ ಬಾರಿಗೆ ಅರ್ಥವಾಯಿತು.

ಈ ವಿಷಯಗಳಿಗೆ ಒಂದರ ಹಿಂದೆ ಒಂದು ಸರಪಳಿ ಇರುತ್ತದೆ. ಡೇಟಾಬೇಸ್ ಮುಗಿಸದೆ ಸಿಸ್ಟಮ್ಸ್ ಅನಾಲಿಸಿಸ್ ಇಲ್ಲ, ಅದಿಲ್ಲದೆ ಕ್ಯಾಪ್‌ಸ್ಟೋನ್ ಇಲ್ಲ. ವರ್ಷಕ್ಕೆ ಒಂದೇ ಸಲ ನಡೆಯುವ ವಿಷಯ ತಪ್ಪಿದರೆ ಇಡೀ ಸರಪಳಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಕೆಲಸಕ್ಕೆ ಸೇರುವುದೂ ಅಷ್ಟೇ ತಡವಾಗುತ್ತದೆ. ಹಾಗಾಗಿ ಉಳಿದ ಕ್ರೆಡಿಟ್ಟುಗಳನ್ನು ಸೆಮಿಸ್ಟರ್‌ಗಳಿಗೆ ಹಂಚುವಾಗ ಸರಪಳಿಯ ವಿಷಯಗಳನ್ನು ಮೊದಲು ಕೂರಿಸಿ.

ಸಮಯದ ಲೆಕ್ಕವೂ ದುಡ್ಡಿನ ಲೆಕ್ಕವೇ. ಇಲ್ಲಿಯ ಕೇಂದ್ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್ ಕ್ರೆಡಿಟ್ ಅಂದರೆ ಸುಮಾರು ಹದಿನೈದು ವಾರ, ವಾರಕ್ಕೆ ಒಂದು ಗಂಟೆ ಪಾಠ ಮತ್ತು ಕನಿಷ್ಠ ಎರಡು ಗಂಟೆ ಸ್ವಂತ ಓದು. ಮೂರು ಕ್ರೆಡಿಟ್ಟಿನ ವಿಷಯಕ್ಕೆ ವಾರಕ್ಕೆ ಒಂಬತ್ತು ಗಂಟೆ. ಅದನ್ನೇ ಏಳೂವರೆ ವಾರಕ್ಕೆ ಕುಗ್ಗಿಸಿದ ಆನ್‌ಲೈನ್ ತರಗತಿಯಾದರೆ ಹದಿನೆಂಟು ಗಂಟೆ. ಚಿಕ್ಕ ಮಗು ಇರುವ ಮನೆಯಲ್ಲಿ ಅಂಥ ಎರಡು ವಿಷಯ ಒಟ್ಟಿಗೆ ತೆಗೆದುಕೊಳ್ಳುವುದು ಬೇಡ. ಅರ್ಧಕ್ಕೆ ಬಿಟ್ಟರೆ ಕಟ್ಟಿದ ಫೀಸು ಸಾಮಾನ್ಯವಾಗಿ ಮೊದಲ ಕೆಲವು ದಿನಗಳ ನಂತರ ಪೂರ್ತಿಯಾಗಿ ವಾಪಸ್ ಬರುವುದಿಲ್ಲ.

ತೆರಿಗೆಯಲ್ಲಿ ಒಂದು ಸಹಾಯ ಇದೆ: ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್. ವರ್ಷಕ್ಕೆ ಕಟ್ಟಿದ ಫೀಸಿನಲ್ಲಿ ಮೊದಲ 10,000 ಡಾಲರಿನ ಶೇ 20, ಅಂದರೆ ಹೆಚ್ಚೆಂದರೆ 2,000 ಡಾಲರ್, ತೆರಿಗೆಯಿಂದ ನೇರವಾಗಿ ಕಡಿಮೆಯಾಗುತ್ತದೆ. ಒಂದೇ ವಿಷಯ ಓದುತ್ತಿದ್ದರೂ ಸಿಗುತ್ತದೆ. ಆದರೆ ಗಂಡ-ಹೆಂಡತಿ ಜಂಟಿಯಾಗಿ ತೆರಿಗೆ ಸಲ್ಲಿಸುವ ಮನೆಯ ಆದಾಯ 1,60,000 ಡಾಲರ್ ದಾಟಿದರೆ ಇದು ಕರಗಲು ಶುರುವಾಗಿ, 1,80,000ಕ್ಕೆ ಪೂರ್ತಿ ನಿಂತುಹೋಗುತ್ತದೆ. ಈ ಸಿಲಿಕಾನ್ ಕಣಿವೆಯಲ್ಲಿ ಒಬ್ಬರ ಸಂಬಳವೇ ಆ ಗೆರೆ ದಾಟುವುದುಂಟು, ನೋಡಿಕೊಂಡೇ ಲೆಕ್ಕಕ್ಕೆ ಹಿಡಿಯಿರಿ. ಎಚ್-4ರಲ್ಲಿರುವವರು ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳುವುದು ಒಳ್ಳೆಯದು, ಗುರುತಿನ ಸಂಖ್ಯೆಯ ನಿಯಮಗಳು ಬದಲಾಗುತ್ತಿರುತ್ತವೆ. ಮುಂದೆ ಕೆಲಸದ ಪರವಾನಗಿ ಸಿಕ್ಕರೆ, ಉದ್ಯೋಗ ಕೊಟ್ಟ ಕಂಪನಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆಯಿಲ್ಲದೆ ಓದಿನ ಖರ್ಚು ಕೊಡಬಹುದು. ಆ ಸವಲತ್ತು ಉದ್ಯೋಗಿಯ ಓದಿಗೆ ಮಾತ್ರ. ಗಂಡನ ಕಂಪನಿಯಿಂದ ಹೆಂಡತಿಯ ಓದಿಗೆ ಅದು ಅನ್ವಯಿಸುವುದಿಲ್ಲ.

ಇನ್ನೂ ವಿಮಾನ ಹತ್ತದವರಿಗೆ ಒಂದು ಮಾತು. ಹೊರಡುವ ಮೊದಲು ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ನೀವು ಓದಿದ ವರ್ಷದ ಸಿಲೆಬಸ್ಸನ್ನು ವಿಶ್ವವಿದ್ಯಾಲಯದ ಮುದ್ರೆ ಹಾಕಿಸಿ ತನ್ನಿ. ಕರ್ನಾಟಕದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ಪದವಿಯ ಪಠ್ಯಕ್ರಮವೇ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈಗ ಜಾಲತಾಣದಲ್ಲಿ ಸಿಗುವ ಸಿಲೆಬಸ್ ನಿಮ್ಮದಾಗಿರಲಾರದು. ಬೇರೆ ಬ್ಯಾಚಿನ ಸಿಲೆಬಸ್ ಕಳಿಸಿದರೆ ಇಲ್ಲಿ ಒಪ್ಪುವುದಿಲ್ಲ. ಭಾಷಾ ಪತ್ರಿಕೆಗಳದ್ದನ್ನೂ ಬಿಡಬೇಡಿ, ಕನ್ನಡದ್ದನ್ನು ಇಂಗ್ಲಿಷಿಗೆ ಅನುವಾದಿಸಿ ದೃಢೀಕರಿಸಿದ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.