ಸೋತ ಹೃದಯಕ್ಕೆ ಯಂತ್ರದ ಆಸರೆ: ರೋಗಿಗಳೂ ಮನೆಯವರೂ ತಿಳಿದಿರಬೇಕಾದ ಸಂಗತಿಗಳು

ಹೃದ್ರೋಗ ವಿಭಾಗದ ಹೊರಗಿನ ಬೆಂಚಿನಲ್ಲಿ ಕುಳಿತವರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ. "ಸಿಸ್ಟರ್, ನಮ್ಮಪ್ಪನ ಹಾರ್ಟು ವೀಕ್ ಆಗೈತಂತೆ. ಬೆಂಗಳೂರಲ್ಲಿ ಮಿಷನ್ ಹಾಕ್ತಾರಂತಲ್ಲ, ಹಾಕ್ಸುಬುಟ್ರೆ ಸರಿಹೋಯ್ತದಾ?" ಹೀಗೆ ಕೇಳುವವರಲ್ಲಿ ಕೆಲವರು ಆಗಲೇ ಗದ್ದೆಯ ಬೆಲೆಯನ್ನು ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾರೆ. ಇದಕ್ಕೆ ಕಾರಿಡಾರಿನಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೃದಯ ವೈಫಲ್ಯ ಎಂದರೇನು?

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಯಿತು ಎಂದು ಅರ್ಥವಲ್ಲ. ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೇಹಕ್ಕೆ ತಳ್ಳುವ ಪಂಪು. ಹಳೆಯ ಪಂಪ್‌ಸೆಟ್ ಓಡುತ್ತಲೇ ಇದ್ದರೂ ಕೊನೆಯ ಮಡಿಗೆ ನೀರು ತಲುಪದಿರುವುದನ್ನು ಪಾಂಡವಪುರ, ಕೆ.ಆರ್.ಪೇಟೆ ಕಡೆಯ ರೈತರು ಬಲ್ಲರು. ಇದೂ ಹಾಗೆಯೇ. ಮುಂದಕ್ಕೆ ಹೋಗದ ರಕ್ತ ಹಿಂದೆ ಒತ್ತಿಕೊಂಡು ಶ್ವಾಸಕೋಶದಲ್ಲಿಯೂ ಕಾಲಿನಲ್ಲಿಯೂ ನೀರು ಸೇರುತ್ತದೆ. ಮಲಗಿದರೆ ಉಬ್ಬಸ, ಸಂಜೆಗೆ ಪಾದ ಊತ.

ಎಕೋ ವರದಿಯಲ್ಲಿ 'ಇ.ಎಫ್.' ಎಂದು ಬರೆದಿರುವುದನ್ನು ನೋಡಿರಬಹುದು. ಎಡ ಹೃತ್ಕುಕ್ಷಿ ಪ್ರತಿ ಬಡಿತದಲ್ಲಿ ತನ್ನಲ್ಲಿರುವ ರಕ್ತದ ಶೇಕಡ ಎಷ್ಟನ್ನು ಹೊರಕ್ಕೆ ತಳ್ಳುತ್ತದೆ ಎಂಬುದರ ಅಳತೆ ಅದು. ಸಾಮಾನ್ಯವಾಗಿ 55ರಿಂದ 70 ಇರುತ್ತದೆ. 40ಕ್ಕೆ ಇಳಿದರೆ ಪಂಪು ಸೋತಿದೆ ಎಂದು ತಿಳಿಯಬೇಕು. ಆದರೆ 25 ಎಂದು ಬರೆದ ಮಾತ್ರಕ್ಕೆ ಯಂತ್ರ ಹಾಕಬೇಕೆಂದಲ್ಲ. ಮಾತ್ರೆಗಳಿಂದಲೇ ಚೇತರಿಸಿಕೊಂಡು ತಿರುಗಾಡುವವರು ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ.

ಯಂತ್ರ ಬಂದ ದಾರಿ

1953ರ ಮೇ 6ರಂದು ಅಮೆರಿಕದ ಡಾ. ಜಾನ್ ಗಿಬ್ಬನ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು. ಇಂದು ನಡೆಯುವ ಬೈಪಾಸ್, ಕವಾಟ ಬದಲಾವಣೆಗಳೆಲ್ಲ ಅಲ್ಲಿಂದ ಬೆಳೆದು ಬಂದವು. 1967ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಮೊದಲ ಹೃದಯ ಕಸಿ ನಡೆಯಿತು. ಆ ರೋಗಿ ಬದುಕಿದ್ದು 18 ದಿನ. ನಮ್ಮ ದೇಶದಲ್ಲಿ 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಯಶಸ್ವಿಯಾಗಿ ಹೃದಯ ಕಸಿ ಮಾಡಿತು.

ಆದರೆ ಕಸಿಗೆ ದಾನಿಯ ಹೃದಯ ಬೇಕು. ಕರ್ನಾಟಕದಲ್ಲಿ ಕಾಯುವವರ ಪಟ್ಟಿಯನ್ನು 'ಜೀವಸಾರ್ಥಕತೆ' ಸಂಸ್ಥೆ ನೋಡಿಕೊಳ್ಳುತ್ತದೆ. ಕಾಯುವಷ್ಟು ಕಾಲ ಹೃದಯ ತಡೆಯದಿದ್ದರೆ ಏನು ಮಾಡುವುದು? ಎಲ್‌ವ್ಯಾಡ್ ಎಂಬ ಪಂಪು ಬಂದದ್ದು ಇದೇ ಪ್ರಶ್ನೆಯಿಂದ. ಹೃದಯವನ್ನು ತೆಗೆದುಹಾಕದೆ, ಅದರ ಎಡ ಕೋಣೆಗೆ ಪಂಪನ್ನು ಜೋಡಿಸಿ ರಕ್ತವನ್ನು ಮಹಾಧಮನಿಗೆ ಕಳುಹಿಸುತ್ತಾರೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲಿಯೇ ವೆಂಟ್ರ್‌ಅಸಿಸ್ಟ್ ಎಂಬ ಆಸ್ಟ್ರೇಲಿಯಾದ ಪಂಪನ್ನು ಅಳವಡಿಸಲಾಯಿತು.

ಪಂಪು ನಿಜಕ್ಕೂ ಪ್ರಯೋಜನವೇ ಎಂಬುದಕ್ಕೂ ಸಂಶೋಧನೆ ನಡೆದಿದೆ. ಕಸಿಗೆ ಅರ್ಹರಲ್ಲದ, ರೋಗ ಬಹಳ ಮುಂದುವರಿದ 129 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಪಂಪು ಹಾಕಿಸಿಕೊಂಡವರಲ್ಲಿ ಶೇಕಡ 52 ಮಂದಿ, ಔಷಧಿ ಮಾತ್ರ ಪಡೆದವರಲ್ಲಿ ಶೇಕಡ 25 ಮಂದಿ ಬದುಕಿದ್ದರು. ಎರಡು ವರ್ಷಕ್ಕೆ ಅದು 23 ಮತ್ತು 8ಕ್ಕೆ ಇಳಿಯಿತು. ಆ ಹಳೆಯ ಪಂಪು ಸವೆಯುತ್ತಿತ್ತು. ಈಗಿನ ಹಾರ್ಟ್‌ಮೇಟ್ 3 ಪಂಪಿನ ಒಳಗಿನ ಚಕ್ರ ಅಯಸ್ಕಾಂತದ ಬಲದಿಂದ ಯಾವುದಕ್ಕೂ ತಾಗದೆ ತಿರುಗುತ್ತದೆ. 2022ರಲ್ಲಿ ಪ್ರಕಟವಾದ ವರದಿಯಂತೆ ಇದನ್ನು ಹಾಕಿಸಿಕೊಂಡವರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇಕಡ 58. ದೊಡ್ಡ ಸುಧಾರಣೆಯೇ ಹೌದು. ಆದರೂ ಹತ್ತರಲ್ಲಿ ನಾಲ್ವರು ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು.

ಪಂಪಿನೊಂದಿಗೆ ಮನೆಗೆ ಬಂದ ಮೇಲೆ

ಇದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೇಳಿ ತಿಳಿಯಬೇಕು. ಪಂಪಿನಿಂದ ಒಂದು ತಂತಿ ಹೊಟ್ಟೆಯ ಚರ್ಮವನ್ನು ದಾಟಿ ಹೊರಬಂದು ಸೊಂಟದಲ್ಲಿರುವ ನಿಯಂತ್ರಕಕ್ಕೂ ಬ್ಯಾಟರಿಗೂ ಸೇರುತ್ತದೆ. ಒಂದು ಜೊತೆ ಬ್ಯಾಟರಿ ಸುಮಾರು 10ರಿಂದ 17 ಗಂಟೆ ಬರುತ್ತದೆ. ರಾತ್ರಿ ಮಲಗುವಾಗ ಗೋಡೆಯ ವಿದ್ಯುತ್ತಿಗೆ ಜೋಡಿಸಬೇಕು. ತೋಟದ ಮೋಟಾರಿಗೆ ಕರೆಂಟ್ ಬರುವ ಹೊತ್ತು ಕಾದಂತೆ ಇಲ್ಲಿ ಕಾಯಲಾಗದು. ಮನೆಯಲ್ಲಿ ಅರ್ಥಿಂಗ್ ಸರಿಯಾಗಿರಬೇಕು, ಚಾರ್ಜ್ ಆದ ಬ್ಯಾಟರಿಗಳು ಸದಾ ಕೈಗೆ ಸಿಗುವಂತಿರಬೇಕು, ಅವನ್ನು ಬದಲಿಸಲು ಬಲ್ಲವರು ಮನೆಯಲ್ಲಿ ಇಬ್ಬರಾದರೂ ಇರಬೇಕು.

ತಂತಿ ಹೊರಬರುವ ಜಾಗದಲ್ಲಿ ಸೋಂಕು ತಗಲದಂತೆ ಶುಚಿಯಾಗಿ ಡ್ರೆಸ್ಸಿಂಗ್ ಮಾಡುತ್ತಿರಬೇಕು. ನೀರಿನಲ್ಲಿ ಮುಳುಗುವಂತಿಲ್ಲ. ಶ್ರೀರಂಗಪಟ್ಟಣದ ಸಂಗಮದಲ್ಲಿ, ಪಶ್ಚಿಮವಾಹಿನಿಯಲ್ಲಿ ಮೀಯುವ ಅಭ್ಯಾಸವಿರುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಬೇಕು. ನಂತರ ಹೇಳಿದರೆ ಬಹಳ ನೊಂದುಕೊಳ್ಳುತ್ತಾರೆ. ಎಂ.ಆರ್.ಐ. ಮಾಡಿಸುವಂತಿಲ್ಲ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯನ್ನು ಬಿಡದೆ ತೆಗೆದುಕೊಂಡು, ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಇದರ ಜೊತೆಗೆ ಆಸ್ಪಿರಿನ್ ಕೊಡುವುದು ಬಹಳ ಕಾಲದಿಂದ ರೂಢಿಯಲ್ಲಿತ್ತು. ಹಾರ್ಟ್‌ಮೇಟ್ 3 ಇದ್ದ 628 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪಿರಿನ್ ಬಿಟ್ಟರೆ ಹೆಪ್ಪುಗಟ್ಟುವಿಕೆ ಹೆಚ್ಚಾಗಲಿಲ್ಲ, ರಕ್ತಸ್ರಾವ ಮಾತ್ರ ಕಡಿಮೆಯಾಯಿತು ಎಂದು ಕಂಡುಬಂದಿತು. ಹಾಗೆಂದು ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ತಮ್ಮ ಆಸ್ಪಿರಿನ್ ನಿಲ್ಲಿಸಬಾರದು. ಅದು ಬೇರೆ, ಇದು ಬೇರೆ.

ಇನ್ನೊಂದು ವಿಚಿತ್ರ: ಈ ಪಂಪು ಸತತವಾಗಿ ರಕ್ತ ಹರಿಸುವುದರಿಂದ ಇವರ ನಾಡಿ ಅನೇಕ ವೇಳೆ ಕೈಗೆ ಸಿಗುವುದಿಲ್ಲ. ಊರಿನ ವೈದ್ಯರು ಗಾಬರಿಯಾಗದಂತೆ ಪಂಪಿನ ಗುರುತಿನ ಚೀಟಿ ಸದಾ ಜೇಬಿನಲ್ಲಿರಬೇಕು.

ಖರ್ಚು ಕೋಟಿ ರೂಪಾಯಿಯ ಆಸುಪಾಸು. ಕಂಪನಿ ಮುಂದೆಯೂ ಇರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ವೆಂಟ್ರ್‌ಅಸಿಸ್ಟ್ ತಯಾರಿಸಿದ ಕಂಪನಿ 2009ರಲ್ಲಿ ಬಾಗಿಲು ಹಾಕಿತು. ಎಚ್‌ವ್ಯಾಡ್ ಎಂಬ ಇನ್ನೊಂದು ಪಂಪಿನ ಮಾರಾಟ 2021ರಲ್ಲಿ ನಿಂತಿತು. ಟ್ರ್ಯಾಕ್ಟರ್ ಕೊಳ್ಳುವಾಗ ಕೇಳುವ ನಾವು ಇಲ್ಲಿ ಕೇಳದಿದ್ದರೆ ಹೇಗೆ?

ಐ.ಸಿ.ಯು.ನಲ್ಲಿ ಹಾಕುವ ತಾತ್ಕಾಲಿಕ ಯಂತ್ರಗಳು

ನಮ್ಮ ಕಡೆಯ ಹೆಚ್ಚಿನ ಕುಟುಂಬಗಳು ಎದುರಿಸುವುದು ಎಲ್‌ವ್ಯಾಡ್ ಪ್ರಶ್ನೆಯನ್ನಲ್ಲ. ದೊಡ್ಡ ಹೃದಯಾಘಾತವಾಗಿ ರಕ್ತದೊತ್ತಡ ಕುಸಿದಾಗ, ಮಧ್ಯರಾತ್ರಿಯಲ್ಲಿ, "ಬಲೂನ್ ಪಂಪ್ ಹಾಕಬೇಕು", "ಎಕ್ಮೋ ಹಾಕಬೇಕು" ಎಂಬ ಮಾತು ಬರುತ್ತದೆ. ಇವು ಕೆಲವು ದಿನಗಳ ಆಸರೆ ಮಾತ್ರ. 2012ರಲ್ಲಿ ಜರ್ಮನಿಯ 600 ರೋಗಿಗಳ ಅಧ್ಯಯನದಲ್ಲಿ ಬಲೂನ್ ಪಂಪ್ ಹಾಕಿದವರಲ್ಲಿಯೂ ಹಾಕದವರಲ್ಲಿಯೂ ಒಂದು ತಿಂಗಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. 2023ರಲ್ಲಿ ಇಂಥ ಹೃದಯಾಘಾತದಲ್ಲಿ ಎಲ್ಲರಿಗೂ ಆರಂಭದಲ್ಲೇ ಎಕ್ಮೋ ಹಾಕಿದರೂ ಸಾವು ಕಡಿಮೆಯಾಗಲಿಲ್ಲ. ಇಂಪೆಲ್ಲಾ ಎಂಬ ಸಣ್ಣ ಪಂಪು ಮಾತ್ರ ಆಯ್ದ ರೋಗಿಗಳಲ್ಲಿ ಆರು ತಿಂಗಳ ಸಾವನ್ನು ಶೇಕಡ 58ರಿಂದ 46ಕ್ಕೆ ಇಳಿಸಿತೆಂದು 2024ರಲ್ಲಿ ವರದಿಯಾಯಿತು. ರಕ್ತಸ್ರಾವವೇ ಮೊದಲಾದ ತೊಂದರೆಗಳು ಅದರಲ್ಲಿ ಹೆಚ್ಚು.

ಹಾಗಾದರೆ ಬೇಡವೆನ್ನಬೇಕೆ? ಇಲ್ಲ. ಶಸ್ತ್ರಚಿಕಿತ್ಸೆಯವರೆಗೆ ಜೀವ ಹಿಡಿದಿಡಲು ಇವು ಬೇಕಾಗುವ ಸಂದರ್ಭಗಳಿವೆ. ವೈದ್ಯರನ್ನು ಮೂರು ಮಾತು ಕೇಳಿ: ಇದು ಯಾವುದಕ್ಕಾಗಿ, ಎಷ್ಟು ದಿನಕ್ಕೆ, ಆಮೇಲೇನು? ಉತ್ತರ ಅರ್ಥವಾಗದಿದ್ದರೆ ಮತ್ತೆ ಕೇಳಿ. ಅಣ್ಣತಮ್ಮಂದಿರೆಲ್ಲ ಬೇರೆ ಬೇರೆಯಾಗಿ ಕೇಳುವ ಬದಲು ಮನೆಯವರೆಲ್ಲರ ಪರವಾಗಿ ಒಬ್ಬರು ಮಾತನಾಡುವುದು ಒಳ್ಳೆಯದು. ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತದೆಂದು ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ, ಯಶಸ್ವಿನಿ ಮತ್ತು ಬಿ.ಪಿ.ಎಲ್. ಕಾರ್ಡ್‌ಗಳನ್ನು ಜೊತೆಯಲ್ಲಿ ತನ್ನಿ.

ಯಂತ್ರದವರೆಗೆ ಹೋಗದಿರಲು

ಎದೆನೋವು, ಬೆವರು, ಎಡಗೈ ಸೆಳೆತ ಕಂಡರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಹೃದಯದ ಸ್ನಾಯು ಸಾಯುವುದು ಆ ಗಂಟೆಗಳಲ್ಲೇ. 2023ರಲ್ಲಿ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ, ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಜಯದೇವದಂಥ ಆಸ್ಪತ್ರೆಗೆ ಕಳುಹಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಆರೋಗ್ಯವಾಗಿರುವಾಗಲೇ ತಿಳಿದುಕೊಳ್ಳಿ. 108ಕ್ಕೆ ಕರೆ ಮಾಡಿ.

ಈಗಾಗಲೇ ಹೃದಯ ವೈಫಲ್ಯ ಇರುವವರು ಉಸಿರು ಸರಾಗವಾಯಿತೆಂದು ಮಾತ್ರೆ ಬಿಡಬಾರದು. ನಾಗಮಂಗಲ ಕಡೆಯ ಯಜಮಾನರೊಬ್ಬರು ಹಬ್ಬದ ಓಡಾಟದಲ್ಲಿ ಹದಿನೈದು ದಿನ ಮಾತ್ರೆ ಬಿಟ್ಟು, ಮೈಯೆಲ್ಲ ನೀರು ತುಂಬಿಕೊಂಡು ಬಂದದ್ದನ್ನು ನಾನೇ ಕಂಡಿದ್ದೇನೆ. ಉಪ್ಪು ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆಯಿರಲಿ. ಮುದ್ದೆಗೆ ಉಪ್ಪೆಸರು ಬೇಕೇಬೇಕು ಎನ್ನುವವರು ಬಸಿದ ನೀರಿಗೆ ಉಪ್ಪು ಹಾಕುವ ಮುನ್ನ ತಮ್ಮ ಪಾಲನ್ನು ಬೇರೆ ತೆಗೆದಿಡಿ. ಹುಳಿ, ಬೆಳ್ಳುಳ್ಳಿ ಖಾರದಲ್ಲಿ ರುಚಿ ಬರುತ್ತದೆ. ಉಪ್ಪಿನಕಾಯಿ, ಹಪ್ಪಳ ಬೇಡ.

ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರಿನ ತೂಕ. ಮುಂದಿನ ತಾರೀಖಿಗೆ ಕಾಯದೆ ಅಂದೇ ಬನ್ನಿ. ಬರುವಾಗ ತೂಕ ಬರೆದ ಪುಸ್ತಕ, ಹಳೆಯ ಎಕೋ ವರದಿ, ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಬಂದು ಹೊರರೋಗಿ ವಿಭಾಗದ ದಾದಿಯರಿಗೆ ಕೊಡಿ.